ಕಪ್ಪು-ಬಿಳುಪಿಗೆ ಡಾರ್ಕ್‌ಟೇಬಲ್: ಪುಕ್ಕಟೆ ಸಿಗುತ್ತದೆ, ಆದರೆ ಕೂತು ಕಲಿಯಬೇಕು

ಮೊದಲೇ ಹೇಳಿಬಿಡುತ್ತೇನೆ. ಡಿಜಿಟಲ್ ಕ್ಯಾಮೆರಾದ ಫೈಲಿನಿಂದ ಕಣ್ಣು ತುಂಬುವಂಥ ಕಪ್ಪು-ಬಿಳುಪು ಚಿತ್ರ ಬರಬೇಕು ಅಂತ ಆಸೆ ಇರುವವರು ಡಾರ್ಕ್‌ಟೇಬಲ್ ಅನ್ನುವ ಫೋಟೊ ತಿದ್ದುವ ಸಾಫ್ಟ್‌ವೇರ್ ಕಲಿಯಲೇಬೇಕು. ದುಡ್ಡು ಕೊಡಬೇಕಿಲ್ಲ. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. 2009ರಲ್ಲಿ ಶುರುವಾದ ಕೆಲಸ, ಇವತ್ತಿಗೂ ಹೊಸ ಆವೃತ್ತಿಗಳು ಬರುತ್ತಲೇ ಇವೆ. ಸುಲಭ ಅಂತ ಮಾತ್ರ ನಾನು ಹೇಳುವುದಿಲ್ಲ, ಯಾಕೆಂದರೆ ಮೊದಲ ಸಲ ತೆರೆದಾಗ ಬಲಗಡೆ ಸಾಲುಗಟ್ಟಿ ನಿಂತ ಮಾಡ್ಯೂಲ್‌ಗಳನ್ನು (ಒಂದೊಂದು ಕೆಲಸಕ್ಕೆ ಒಂದೊಂದು ಉಪಕರಣ) ನೋಡಿ ಎಷ್ಟೋ ಜನ ಅಲ್ಲೇ ಮುಚ್ಚಿಬಿಡುತ್ತಾರೆ. ಅದಕ್ಕೇ ಇಡೀ ಸಾಫ್ಟ್‌ವೇರಿನ ತಂಟೆಗೆ ಹೋಗುವುದಿಲ್ಲ. ಕಪ್ಪು-ಬಿಳುಪಿಗೆ ಬೇಕಾದ ಕೆಲವೇ ಮಾಡ್ಯೂಲ್‌ಗಳು ಎಲ್ಲಿ ಚೆನ್ನಾಗಿವೆ, ಎಲ್ಲಿ ತಲೆ ತಿನ್ನುತ್ತವೆ ಅನ್ನುವುದಷ್ಟನ್ನೇ ಬರೆಯುತ್ತೇನೆ.

ಎಲ್ಲರೂ ಮಾಡುವುದು ಹೀಗೆ ಅಲ್ವಾ: ಸ್ಯಾಚುರೇಷನ್ ಸೊನ್ನೆಗೆ ಇಳಿಸುವುದು, ಚಿತ್ರ ಸಪ್ಪೆಯಾಗುವುದು, ಆಮೇಲೆ ಕಾಂಟ್ರಾಸ್ಟ್ ಸ್ಲೈಡರ್ ಹಿಡಿದು ಎಳೆಯುವುದು. ಆಗ ಆಕಾಶ ಬಿಳಿಚಿಕೊಳ್ಳುತ್ತದೆ, ನೆರಳೆಲ್ಲ ಕಪ್ಪಾಗಿ ಕಟ್ಟಿಕೊಳ್ಳುತ್ತದೆ, ನಡುವೆ ಇದ್ದ ಬೂದು ಬಣ್ಣದ ಗೊಜ್ಜು ಮಾತ್ರ ಹಾಗೇ ಉಳಿಯುತ್ತದೆ. ಸ್ಲೈಡರಿನ ತಪ್ಪಲ್ಲ ಅದು. ಎರಡು ವಸ್ತುಗಳು ಒಂದೇ ಬೂದಿಗೆ ಬಂದು ಕೂತಮೇಲೆ ಯಾವ ಕಾಂಟ್ರಾಸ್ಟ್ ಸ್ಲೈಡರೂ ಅವನ್ನು ಬೇರೆ ಮಾಡಲಾರದು, ಎರಡನ್ನೂ ಒಟ್ಟಿಗೇ ಮೇಲೆ ಕೆಳಗೆ ಸರಿಸುತ್ತದೆ ಅಷ್ಟೇ. ಪಕ್ಕಪಕ್ಕದಲ್ಲಿರುವ ವಸ್ತುಗಳಿಗೆ ಬೇರೆ ಬೇರೆ ಬೂದು ಸಿಗಬೇಕು, ಜೊತೆಗೆ ಎಲ್ಲೋ ಒಂದು ಕಡೆ ಸ್ವಲ್ಪ ನಿಜವಾದ ಕಪ್ಪು, ಇನ್ನೊಂದು ಕಡೆ ಚೂರು ನಿಜವಾದ ಬಿಳಿ. ನಾನು ತುಂಬಿದ ಟೋನ್ ಅನ್ನುವುದು ಇದಕ್ಕೆ. ಈ ಬೇರ್ಪಡಿಸುವ ಕೆಲಸವನ್ನು ಬಣ್ಣ ಇನ್ನೂ ಫೈಲಿನಲ್ಲಿ ಇರುವಾಗಲೇ ಮಾಡಬೇಕು. ಡಾರ್ಕ್‌ಟೇಬಲ್ ನನಗೆ ಇಷ್ಟ ಆಗಿದ್ದೇ ಅಲ್ಲಿ.

ಬಣ್ಣ ಇರುವುದು ಯಾಕೆ ಅಂದರೆ, ಹೆಚ್ಚುಕಮ್ಮಿ ಎಲ್ಲ ಕ್ಯಾಮೆರಾಗಳ ಸೆನ್ಸರ್ ಮೇಲೂ ಬೇಯರ್ ಫಿಲ್ಟರ್ ಕೂತಿರುತ್ತದೆ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಹೆಸರಿನಲ್ಲಿ 1976ರಲ್ಲಿ ಪೇಟೆಂಟ್ ಆದ ಜೋಡಣೆ ಅದು. ನಾಲ್ಕು ಚುಕ್ಕಿಗಳಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ನೀವು ಕ್ಯಾಮೆರಾದಲ್ಲಿ ಮಾನೋಕ್ರೋಮ್ ಮೋಡ್ ಇಟ್ಟು ತೆಗೆದರೂ ರಾ ಫೈಲಿನಲ್ಲಿ (ಸೆನ್ಸರ್ ಹಿಡಿದದ್ದನ್ನು ಹಾಗೇ ಇಟ್ಟ ಫೈಲ್) ಸಾಮಾನ್ಯವಾಗಿ ಮೂರೂ ಬಣ್ಣ ಹಾಗೇ ಇರುತ್ತವೆ, ಕಪ್ಪು-ಬಿಳುಪಾಗುವುದು ಹಿಂದಿನ ಪರದೆಯಲ್ಲಿ ಕಾಣುವ ಜೆಪೆಗ್ ಮಾತ್ರ. ಹಾಗೆ ತೆಗೆಯುವುದು ಒಳ್ಳೆಯದೇ. ಟೋನ್ ನೋಡಿಕೊಂಡು ಚೌಕಟ್ಟು ಕಟ್ಟಬಹುದು, ಬಣ್ಣ ಆಮೇಲಿನ ಕೆಲಸಕ್ಕೆ ಉಳಿದಿರುತ್ತದೆ.

ಈಗ ಒಂದು ಲೆಕ್ಕ ನೋಡಿ. ಹಸಿರೆಲೆಗಳ ನಡುವೆ ಒಂದು ಕೆಂಪು ಹೂವು ಅಂತಿಟ್ಟುಕೊಳ್ಳಿ. 0 ಅಂದರೆ ಕಪ್ಪು, 1 ಅಂದರೆ ಪೂರ್ತಿ ಬೆಳಕು. ದಳದಲ್ಲಿ ಕೆಂಪು 0.50, ಹಸಿರು 0.05, ನೀಲಿ 0.05. ಎಲೆಯಲ್ಲಿ ಕೆಂಪು 0.08, ಹಸಿರು 0.18, ನೀಲಿ 0.05. ಮಾಮೂಲಿ ಪ್ರಕಾಶದ ಲೆಕ್ಕದಲ್ಲಿ ಕೆಂಪಿಗೆ ಸುಮಾರು 0.21, ಹಸಿರಿಗೆ 0.72, ನೀಲಿಗೆ 0.07 ತೂಕ. ಹಾಗೆ ಕೂಡಿದರೆ ದಳಕ್ಕೆ 0.145, ಎಲೆಗೆ 0.150. ಅಂದರೆ ಹೂವು ಎಲೆಯೊಳಗೆ ಕರಗಿಹೋಯಿತು. ಬಣ್ಣದಲ್ಲಿ ಕಣ್ಣಿಗೆ ಹೊಡೆಯುವ ಹಾಗಿದ್ದ ಚಿತ್ರ ಬಣ್ಣ ತೆಗೆದ ಕೂಡಲೇ ಮಂಕಾಗುವುದಕ್ಕೆ ಇದೇ ಕಾರಣ. ಅದೇ ಫೈಲಿಗೆ ಕೆಂಪು 0.70, ಹಸಿರು 0.25, ನೀಲಿ 0.05 ಕೊಡಿ. ದಳ 0.365ಕ್ಕೆ ಏರುತ್ತದೆ, ಎಲೆ 0.10ರ ಹತ್ತಿರಕ್ಕೆ ಇಳಿಯುತ್ತದೆ. ಹತ್ತಿರಹತ್ತಿರ ಎರಡು ಸ್ಟಾಪ್ ವ್ಯತ್ಯಾಸ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು)! ಕೆಂಪನ್ನು ಸೊನ್ನೆ ಮಾಡಿ ಹಸಿರು 0.90, ನೀಲಿ 0.10 ಕೊಟ್ಟರೆ ತಿರುಗುಮುರುಗು: ದಳ 0.05, ಎಲೆ 0.167. ಬೆಳಗುವ ಎಲೆಗಳ ನಡುವೆ ಕಪ್ಪು ಹೂವು. ಕಾಂಟ್ರಾಸ್ಟ್ ಸ್ಲೈಡರನ್ನು ಮುಟ್ಟಿಯೇ ಇಲ್ಲ ನೋಡಿ.

ಡಾರ್ಕ್‌ಟೇಬಲ್‌ನಲ್ಲಿ ಈ ಮೂರು ತೂಕ ಇರುವುದು ಕಲರ್ ಕ್ಯಾಲಿಬ್ರೇಷನ್ ಮಾಡ್ಯೂಲಿನ ಗ್ರೇ ಟ್ಯಾಬಿನಲ್ಲಿ. ಮೂರೇ ಸ್ಲೈಡರ್. ಒಂದನ್ನು ಅಲ್ಲಾಡಿಸಿದ ತಕ್ಷಣ ಚಿತ್ರ ಕಪ್ಪು-ಬಿಳುಪಾಗುತ್ತದೆ. ಮೂರರ ಮೊತ್ತ 1 ಇದ್ದರೆ ಒಟ್ಟು ಬೆಳಕು ಹೆಚ್ಚುಕಮ್ಮಿ ಆಗುವುದಿಲ್ಲ, ಲೆಕ್ಕ ಇಡಲು ಬೇಜಾರಾದರೆ ನಾರ್ಮಲೈಸ್ ಚಾನೆಲ್ಸ್ ಅನ್ನುವ ಚೌಕಕ್ಕೆ ಟಿಕ್ ಹಾಕಿ. ವೈಟ್ ಬ್ಯಾಲೆನ್ಸ್ ಕೂಡ ಇದೇ ಮಾಡ್ಯೂಲಿನಲ್ಲಿ ನಡೆಯುವುದರಿಂದ ಅದನ್ನು ಮುಟ್ಟದೆ, ಹೊಸದೊಂದು ಇನ್‌ಸ್ಟನ್ಸ್ (ಅದೇ ಮಾಡ್ಯೂಲಿನ ಇನ್ನೊಂದು ಪ್ರತಿ) ತೆರೆದು ಅದರಲ್ಲಿ ಬೂದು ಮಾಡುವುದು ಒಳ್ಳೆಯದು. ಒಳಗೇ ಕಪ್ಪು-ಬಿಳುಪು ಫಿಲ್ಮುಗಳ ಹೆಸರಿನಲ್ಲಿ ಕೆಲವು ಪ್ರಿಸೆಟ್ (ಸಿದ್ಧ ಜೋಡಣೆ) ಇವೆ, ಇಲ್ಫರ್ಡ್ ಎಚ್‌ಪಿ5, ಎಫ್‌ಪಿ4, ಡೆಲ್ಟಾ 100, ಫ್ಯೂಜಿ ಆಕ್ರೋಸ್ 100 ಅಂತ. ಹೆಸರು ನೋಡಿ ಫಿಲ್ಮಿನ ಕಾಳು (ಗ್ರೇನ್), ಕರ್ವ್ ಎಲ್ಲ ಬರುತ್ತದೆ ಅಂದುಕೊಳ್ಳಬೇಡಿ. ಆ ಫಿಲ್ಮ್ ಯಾವ ಬಣ್ಣಕ್ಕೆ ಎಷ್ಟು ಸ್ಪಂದಿಸುತ್ತಿತ್ತು ಅನ್ನುವ ತೂಕ ಮಾತ್ರ ಬರುತ್ತದೆ. ಆರಂಭಕ್ಕೆ ಚೆನ್ನಾಗಿವೆ, ಅಲ್ಲೇ ನಿಲ್ಲಬೇಡಿ.

ಮುಖಗಳ ವಿಷಯದಲ್ಲಿ ಈ ಮೂರು ಸ್ಲೈಡರ್ ಮಾಡುವ ಕೆಲಸ ನೋಡಿದರೆ ಖುಷಿಯಾಗುತ್ತದೆ. ಕೆಂಪು ಜಾಸ್ತಿ ಕೊಟ್ಟರೆ ಚರ್ಮ ಬೆಳಗುತ್ತದೆ, ಕಲೆ, ಮೊಡವೆ ಅರ್ಧ ಮಾಯವಾಗುತ್ತವೆ, ಆದರೆ ತುಟಿಯೂ ಬಿಳಿಚಿಕೊಂಡು ಮುಖಕ್ಕೆ ಸೇರಿಹೋಗುತ್ತದೆ. ನೀಲಿ ಜಾಸ್ತಿ ಕೊಟ್ಟರೆ ಪ್ರತಿ ಸುಕ್ಕು, ಪ್ರತಿ ಚುಕ್ಕೆ ಎದ್ದು ನಿಲ್ಲುತ್ತದೆ. ಬಿಸಿಲಲ್ಲಿ ಬೆಂದ ಹಿರಿಯರ ಮುಖಕ್ಕೆ ಸ್ವಲ್ಪ ನೀಲಿ ಬೆರೆಸಿದ ಹಸಿರು ನನಗೆ ಇಷ್ಟ, ಗಡ್ಡದ ಒಂದೊಂದು ಕೂದಲೂ ಬೇರೆಯಾಗಿ ಕಾಣುತ್ತದೆ. ಮಕ್ಕಳ ಮುಖಕ್ಕೆ ಕೆಂಪು ಕಡೆಗೆ ವಾಲಿದರೆ ಸಾಕು. ಯಾವುದು ಸರಿ ಅಂತ ಸಾಫ್ಟ್‌ವೇರ್ ಹೇಳಲಾರದು, ಎದುರಿಗೆ ಇರುವ ಮುಖ ನೋಡಿ ನೀವೇ ತೀರ್ಮಾನಿಸಬೇಕು.

ದೂರದ ಬೆಟ್ಟಗಳಿಗೂ ಇದೇ ಮಾತು. ಗಾಳಿಯಲ್ಲಿ ಚದುರುವುದು ಹೆಚ್ಚಾಗಿ ನೀಲಿ ಬೆಳಕು, ಹಾಗಾಗಿ ಕೆಂಪಿನ ತೂಕ ಏರಿಸಿದರೆ ಮಬ್ಬು ಹರಿದು ಬೆಟ್ಟದ ಮೈ ಕಾಣುತ್ತದೆ, ನೀಲಿ ಆಕಾಶ ಕಪ್ಪಾಗಿ ಮೋಡ ಮುಂದೆ ಬರುತ್ತದೆ. ಎಲ್ಲರೂ ಕಣ್ಣುಮುಚ್ಚಿ ಇದನ್ನೇ ಮಾಡುತ್ತಾರೆ. ಒಂದರ ಹಿಂದೆ ಒಂದು ಬೆಟ್ಟದ ಸಾಲು ಇರುವ ಚಿತ್ರಕ್ಕೆ ಒಮ್ಮೆ ನೀಲಿ ಏರಿಸಿ ನೋಡಿ. ಹಿಂದಿನ ಸಾಲು ಹಂತಹಂತವಾಗಿ ತಿಳಿಯಾಗುತ್ತಾ ಹೋಗುತ್ತದೆ, ಚಿತ್ರಕ್ಕೆ ಆಳ ಬರುತ್ತದೆ. ನನ್ನ ಪ್ರಕಾರ ಅಂಥ ಚಿತ್ರದಲ್ಲಿ ಮಬ್ಬನ್ನು ಅಳಿಸುವುದೇ ಅನ್ಯಾಯ.

ಈ ಸ್ಲೈಡರ್‌ಗಳು ಮೈನಸ್ ಕಡೆಗೂ ಹೋಗುತ್ತವೆ. ಕೆಂಪು 1.5, ಹಸಿರು -0.3, ನೀಲಿ -0.2 ಅಂತ ಕೊಡಬಹುದು, ಮೊತ್ತ 1 ಆಗುತ್ತದೆ, ಆಕಾಶ ರಾತ್ರಿಯ ಹಾಗೆ ಕಪ್ಪಾಗುತ್ತದೆ. ಆದರೆ ಒಂದು ಚಾನೆಲಿನಿಂದ (ಅಂದರೆ ಒಂದು ಬಣ್ಣದ ಪಾಲಿನಿಂದ) ಇನ್ನೊಂದನ್ನು ಕಳೆದಾಗ ಬೆಳಕು ಕಳೆಯುತ್ತದೆಯೇ ಹೊರತು ನಾಯ್ಸ್ (ಕಾಳುಕಾಳಾದ ಗಲೀಜು) ಕಳೆಯುವುದಿಲ್ಲ, ಕೂಡುತ್ತದೆ. ಬಯಲು ಆಕಾಶದಲ್ಲಿ ಅದು ಮೊದಲು ಕಾಣುತ್ತದೆ. ಡಿನಾಯ್ಸ್ ಪ್ರೊಫೈಲ್ಡ್ ಮಾಡ್ಯೂಲಿನಲ್ಲಿ ಒಂದೊಂದು ಕ್ಯಾಮೆರಾಗೂ ಬೇರೆ ಬೇರೆ ಅಳತೆ ಮೊದಲೇ ಇರುತ್ತದೆ, ನಿಮ್ಮ ಕ್ಯಾಮೆರಾ ಆ ಪಟ್ಟಿಯಲ್ಲಿದ್ದರೆ ಅದನ್ನು ಹಾಕಿಕೊಂಡು ಆಮೇಲೆ ಮೈನಸ್‌ಗೆ ಇಳಿಯಿರಿ. ಜೆಪೆಗ್ ಫೈಲಿನ ಮೇಲೆ ಮಾತ್ರ ಇದನ್ನು ಮಾಡಲೇಬೇಡಿ. ಜೆಪೆಗ್‌ನಲ್ಲಿ ಬೆಳಕಿನ ವಿವರ ಪೂರ್ತಿ ಇರುತ್ತದೆ, ಬಣ್ಣದ ವಿವರವನ್ನು ಸಾಮಾನ್ಯವಾಗಿ ಅರ್ಧಕ್ಕೆ ಇಳಿಸಿರುತ್ತಾರೆ, ಮೇಲೆ 8x8 ಚೌಕಗಳ ಕಂಪ್ರೆಷನ್ ಬೇರೆ. ನೀಲಿಯನ್ನು ಎಳೆದಾಗ ಆ ಚೌಕಗಳು ಆಕಾಶದ ತುಂಬ ಕಾಣಿಸಿಕೊಳ್ಳುತ್ತವೆ.

ರಾ ಫೈಲ್ ಬೇಕೇಬೇಕು ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. 8 ಬಿಟ್‌ನಲ್ಲಿ 256 ಹಂತ, 14 ಬಿಟ್‌ನಲ್ಲಿ 16,384. ಅದರಲ್ಲೂ ಸೆನ್ಸರ್ ಲೀನಿಯರ್ ಆದ್ದರಿಂದ ಎಲ್ಲಕ್ಕಿಂತ ಮೇಲಿನ ಒಂದು ಸ್ಟಾಪ್ ಅರ್ಧ ಹಂತಗಳನ್ನು ನುಂಗುತ್ತದೆ, ಅದರ ಕೆಳಗಿನದು ಉಳಿದ ಅರ್ಧದಲ್ಲಿ ಅರ್ಧ, ಹೀಗೆ ಇಳಿಯುತ್ತಾ ನೆರಳಿಗೆ ಬರುವಷ್ಟರಲ್ಲಿ ಚೂರೇ ಚೂರು ಉಳಿದಿರುತ್ತದೆ. ಬಿಳಿ ಸುಟ್ಟುಹೋಗದ ಹಾಗೆ ಎಷ್ಟು ಆಗುತ್ತದೋ ಅಷ್ಟು ಬೆಳಕು ಕೊಟ್ಟು ತೆಗೆಯಿರಿ. ಆಗ ನೆರಳಿನಲ್ಲೂ ಎಳೆದಾಡಲು ಸರಕು ಇರುತ್ತದೆ.

ಇನ್ನು ಟೋನ್ ಈಕ್ವಲೈಸರ್. ಡಾರ್ಕ್‌ಟೇಬಲ್‌ನಲ್ಲಿ ಒಂದೇ ಒಂದು ಮಾಡ್ಯೂಲ್ ಇಟ್ಟುಕೋ ಅಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ. ಚಿತ್ರದ ಬೆಳಕನ್ನು -8 ಇವಿಯಿಂದ 0 ಇವಿವರೆಗೆ (ಒಂದು ಇವಿ ಅಂದರೆ ಒಂದು ಸ್ಟಾಪ್) ಒಂಬತ್ತು ಪಟ್ಟಿಗಳಾಗಿ ಭಾಗ ಮಾಡುತ್ತದೆ. ಒಂದೊಂದು ಪಟ್ಟಿಯನ್ನೂ ಎರಡು ಸ್ಟಾಪ್‌ವರೆಗೆ ಏರಿಸಬಹುದು, ಇಳಿಸಬಹುದು. ಛಾಯಾಗ್ರಾಹಕರಾದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಆಸುಪಾಸಿನಲ್ಲಿ ರೂಪಿಸಿದ ಝೋನ್ ಸಿಸ್ಟಮ್ ಬಗ್ಗೆ ಓದಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಅವರು ಎಕ್ಸ್‌ಪೋಷರ್ ಮತ್ತು ಡೆವಲಪಿಂಗ್ ಸಮಯ ಬದಲಿಸಿ ಇಡೀ ನೆಗೆಟಿವಿನ ಟೋನ್‌ಗಳನ್ನು ಕೂರಿಸುತ್ತಿದ್ದರು, ಇಲ್ಲಿ ಒಂದೊಂದು ವಲಯವನ್ನೂ ಬೇರೆಯಾಗಿ ಹಿಡಿಯಬಹುದು. ಸ್ಲೈಡರ್ ಹುಡುಕುವುದೂ ಬೇಡ. ಚಿತ್ರದ ಮೇಲೆ ಮೌಸ್ ತಂದು ನಿಲ್ಲಿಸಿದರೆ ಆ ಜಾಗ ಯಾವ ಇವಿಯಲ್ಲಿದೆ ಅಂತ ಕರ್ಸರ್ ತೋರಿಸುತ್ತದೆ, ಅಲ್ಲೇ ಚಕ್ರ ತಿರುಗಿಸಿದರೆ ಆ ಟೋನ್ ಏರುತ್ತದೆ ಇಲ್ಲವೇ ಇಳಿಯುತ್ತದೆ.

ಒದ್ದೆ ಬಂಡೆಯ ಚಿತ್ರ ಒಂದನ್ನು ತೆಗೆದುಕೊಳ್ಳಿ. ಬಂಡೆಯ ಮೇಲ್ಮೈ -5ರ ಹತ್ತಿರ ಇದೆ, ಬಿರುಕುಗಳು -7ರಲ್ಲಿ, ನೀರು ಹೊಳೆಯುವ ಜಾಗ -1ರಲ್ಲಿ. ಮಾಮೂಲಿ ಕಾಂಟ್ರಾಸ್ಟ್ ಹಾಕಿದರೆ ಬಂಡೆಯೂ ಬಿರುಕೂ ಒಟ್ಟಿಗೆ ಕಪ್ಪಾಗುತ್ತವೆ. ಇಲ್ಲಿ -5ನ್ನು ಅರ್ಧ ಸ್ಟಾಪ್ ಎತ್ತಿ, -7ನ್ನು ಅರ್ಧ ಸ್ಟಾಪ್ ಇಳಿಸಿ, ಹೊಳಪನ್ನು ಇದ್ದ ಹಾಗೇ ಬಿಟ್ಟರೆ ಬಂಡೆಯ ಒರಟು ಮೈ ಕೈಗೆ ಸಿಗುವ ಹಾಗೆ ಕಾಣುತ್ತದೆ. ಪಟ್ಟಿಗಳನ್ನು ಬೇರ್ಪಡಿಸಲು ಅದು ಗೈಡೆಡ್ ಫಿಲ್ಟರ್ ಬಳಸುವುದರಿಂದ ಬಂಡೆಯೊಳಗಿನ ಸಣ್ಣ ವಿವರ ಕಲಸಿಹೋಗುವುದಿಲ್ಲ.

ಆದರೆ ಇದರಲ್ಲಿ ಒಂದು ತೊಡಕು ಇದೆ, ಗೊತ್ತಿಲ್ಲದವರು ಇದನ್ನು ಬಿಟ್ಟು ಹೋಗುವುದೇ ಅದರಿಂದ. ಸುಮ್ನೆ ಆನ್ ಮಾಡಿದರೆ ಎಷ್ಟೋ ಚಿತ್ರಗಳಲ್ಲಿ ಹಿಸ್ಟೋಗ್ರಾಮ್ (ಯಾವ ಬೆಳಕು ಎಷ್ಟಿದೆ ಅಂತ ತೋರಿಸುವ ನಕ್ಷೆ) ಎರಡು-ಮೂರು ಪಟ್ಟಿಯೊಳಗೆ ಮುದುಡಿಕೊಂಡಿರುತ್ತದೆ, ಆಗ ಒಂದು ಪಟ್ಟಿ ಎಳೆದರೆ ಅರ್ಧ ಚಿತ್ರವೇ ಅಲ್ಲಾಡುತ್ತದೆ. ಮಾಸ್ಕಿಂಗ್ ಟ್ಯಾಬಿಗೆ ಹೋಗಿ, ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಮತ್ತು ಕಾಂಟ್ರಾಸ್ಟ್ ಕಾಂಪೆನ್ಸೇಷನ್ ಎರಡರ ಪಕ್ಕದಲ್ಲೂ ಇರುವ ಮಂತ್ರದಂಡದ ಗುರುತನ್ನು ಒತ್ತಿ. ಹಿಸ್ಟೋಗ್ರಾಮ್ ಎಲ್ಲ ಪಟ್ಟಿಗಳಿಗೂ ಹರಡಿಕೊಳ್ಳುತ್ತದೆ. ಇಷ್ಟು ಮುಖ್ಯವಾದ ಹೆಜ್ಜೆಯನ್ನು ಇನ್ನೊಂದು ಟ್ಯಾಬಿನೊಳಗೆ ಇಟ್ಟಿರುವುದು ನನಗೆ ಸರಿ ಕಾಣುವುದಿಲ್ಲ.

ಮೂರು ಚಾನೆಲ್‌ಗಳ ತೂಕ ಸಾಲದ ಚಿತ್ರಗಳೂ ಇರುತ್ತವೆ. ಹಳದಿ ಗೋಡೆ, ಅದರ ಮುಂದೆ ಕಿತ್ತಳೆ ಬಟ್ಟೆ ಇದ್ದರೆ ಹಸಿರಿನ ತೂಕ ಏರಿಸಿ ಎರಡನ್ನೂ ಬೇರೆ ಮಾಡಬಹುದು, ಆದರೆ ಚಿತ್ರದ ಉಳಿದ ಬಣ್ಣಗಳೂ ಅದರ ಜೊತೆಗೇ ಓಡುತ್ತವೆ. ಅಂಥ ಕಡೆ 2024ರ ಜೂನ್‌ನಲ್ಲಿ 4.8 ಆವೃತ್ತಿಯ ಜೊತೆ ಬಂದ ಕಲರ್ ಈಕ್ವಲೈಸರ್ ಕೆಲಸಕ್ಕೆ ಬರುತ್ತದೆ. ಬ್ರೈಟ್‌ನೆಸ್ ಟ್ಯಾಬಿನಲ್ಲಿ ಎಂಟು ಬಣ್ಣಗಳ ಬೆಳಕನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸಬಹುದು. ಹಳದಿ ಮೇಲೆ, ಕಿತ್ತಳೆ ಕೆಳಗೆ, ಮುಗಿಯಿತು. ಅಲ್ಲೂ ಒಂದು ಗೊತ್ತಿರಬೇಕಾದ ವಿಷಯ ಇದೆ. ಡಾರ್ಕ್‌ಟೇಬಲ್‌ನಲ್ಲಿ ಮಾಡ್ಯೂಲ್‌ಗಳು ಕೆಳಗಿನಿಂದ ಮೇಲಕ್ಕೆ ಸರದಿಯಲ್ಲಿ ನಡೆಯುತ್ತವೆ, ಕಲರ್ ಕ್ಯಾಲಿಬ್ರೇಷನ್‌ನ ಸರದಿ ಮೊದಲು ಬರುತ್ತದೆ. ಅದು ಬೂದು ಮಾಡಿ ಕಳಿಸಿದ ಮೇಲೆ ಕಲರ್ ಈಕ್ವಲೈಸರ್‌ಗೆ ಬಣ್ಣವೇ ಉಳಿದಿರುವುದಿಲ್ಲ, ಎಷ್ಟು ಎಳೆದರೂ ಏನೂ ಆಗುವುದಿಲ್ಲ. ಬೂದು ಮಾಡುವ ಇನ್‌ಸ್ಟನ್ಸನ್ನು ಕಂಟ್ರೋಲ್ ಮತ್ತು ಶಿಫ್ಟ್ ಒತ್ತಿ ಹಿಡಿದು ಎಳೆದು ಕಲರ್ ಈಕ್ವಲೈಸರಿನ ಮೇಲೆ ಕೂರಿಸಿ.

ಒಂದೇ ಚಿತ್ರದಲ್ಲಿ ಆಕಾಶಕ್ಕೆ ಒಂದು ತೂಕ, ಮುಖಕ್ಕೆ ಇನ್ನೊಂದು ತೂಕ ಬೇಕು ಅಂದರೂ ಆಗುತ್ತದೆ. ಎರಡು ಇನ್‌ಸ್ಟನ್ಸ್ ತೆರೆದು, ಒಂದೇ ಮಾಸ್ಕನ್ನು (ಚಿತ್ರದ ಯಾವ ಭಾಗಕ್ಕೆ ಬದಲಾವಣೆ ತಗುಲಬೇಕು ಅಂತ ಮಾಡುವ ಗುರುತು) ಒಂದರಲ್ಲಿ ನೆಟ್ಟಗೆ, ಇನ್ನೊಂದರಲ್ಲಿ ತಿರುಗಿಸಿ ಹಾಕಬೇಕು. ಮಾಸ್ಕಿನ ಅಂಚನ್ನು ಮೆತ್ತಗೆ ಮಾಡಿದ ಕಡೆ ಸ್ವಲ್ಪ ಬಣ್ಣ ಉಳಿದುಬಿಡುತ್ತದೆ. ಅಂಚಿನ ನಡುವಿನಲ್ಲಿ ಮೊದಲನೆಯದು ಅರ್ಧ ಬಣ್ಣ ತೆಗೆಯುತ್ತದೆ, ಎರಡನೆಯದು ಉಳಿದದ್ದರಲ್ಲಿ ಅರ್ಧ, ಕಾಲು ಭಾಗ ಹಾಗೇ ಉಳಿಯುತ್ತದೆ. ಆದ್ದರಿಂದ ಕೊನೆಗೆ ಕಲರ್ ಬ್ಯಾಲೆನ್ಸ್ ಆರ್‌ಜಿಬಿಯಲ್ಲಿ ಬಣ್ಣವನ್ನು ಪೂರ್ತಿ ಇಳಿಸಿಬಿಡಿ.

ಕಪ್ಪು ಎಲ್ಲಿ ಮುಗಿಯಬೇಕು, ಬಿಳಿ ಎಲ್ಲಿ ಮುಗಿಯಬೇಕು ಅನ್ನುವುದನ್ನು ನಾನು ಸಿಗ್ಮಾಯ್ಡ್ ಮಾಡ್ಯೂಲಿನಲ್ಲಿ ನೋಡಿಕೊಳ್ಳುತ್ತೇನೆ. ಕಾಂಟ್ರಾಸ್ಟ್, ಸ್ಕ್ಯೂ, ಎರಡೇ ಮುಖ್ಯ ಸ್ಲೈಡರ್. ಅದೇ ಕೆಲಸ ಮಾಡುವ ಫಿಲ್ಮಿಕ್ ಮಾಡ್ಯೂಲಿನಲ್ಲಿ ಹಿಡಿತ ಜಾಸ್ತಿ, ಗೋಜಲೂ ಜಾಸ್ತಿ. ಲೋಕಲ್ ಕಾಂಟ್ರಾಸ್ಟ್ ಮಾಡ್ಯೂಲ್ ಚೆನ್ನಾಗಿದೆ, ಆದರೆ ಕೈ ಬಿಗಿಹಿಡಿದು ಬಳಸಿ. ಜಾಸ್ತಿ ಎಳೆದರೆ ಬೆಟ್ಟದ ಅಂಚಿನ ಸುತ್ತ ಬಿಳಿ ಗೆರೆ ಏಳುತ್ತದೆ, ಒಮ್ಮೆ ಕಂಡರೆ ಆಮೇಲೆ ಅದನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ.

ಹೊಗಳಲೇಬೇಕಾದ ಇನ್ನೊಂದು ಸಣ್ಣ ಸೌಲಭ್ಯ ಇದೆ. ಕಂಟ್ರೋಲ್ ಬಿ ಒತ್ತಿದರೆ ಚಿತ್ರದ ಸುತ್ತ ಬಿಳಿ ಚೌಕಟ್ಟು, ಅದರಾಚೆ ನಡು ಬೂದು ಬರುತ್ತದೆ. ಕಡುಗಪ್ಪು ಪರದೆಯ ನಡುವೆ ಕೆಲಸ ಮಾಡುವಾಗ ನೆರಳೆಲ್ಲ ಬೆಳಗಿದ ಹಾಗೆ ಕಣ್ಣಿಗೆ ಅನಿಸುತ್ತದೆ, ಬಿಳಿ ಕಾಗದದಲ್ಲಿ ಪ್ರಿಂಟ್ ತೆಗೆದರೆ ಚಿತ್ರ ಕಪ್ಪಾಗಿ ಬರುತ್ತದೆ. ಬಿಳಿ ಪಕ್ಕದಲ್ಲಿದ್ದರೆ ನಿಮ್ಮ ಬಿಳಿ ನಿಜಕ್ಕೂ ಬಿಳಿಯೋ ಬೂದೋ ಅಂತ ಕೂಡಲೇ ಗೊತ್ತಾಗುತ್ತದೆ. ಕಪ್ಪು-ಬಿಳುಪಿನ ಕೆಲಸದಲ್ಲಿ ಇದನ್ನು ಒತ್ತದೆ ಯಾವ ಫೈಲನ್ನೂ ಹೊರಗೆ ಕಳಿಸಬೇಡಿ.

ಬೇರೆಯವುಗಳ ಜೊತೆ ಹೋಲಿಸಿದರೆ? ಲೈಟ್‌ರೂಮಿನ ಬ್ಲಾಕ್ ಅಂಡ್ ವೈಟ್ ಮಿಕ್ಸರಿನಲ್ಲಿ ಎಂಟು ಬಣ್ಣದ ಸ್ಲೈಡರ್ ಇವೆ, ಬೇಗ ಕಲಿಯಬಹುದು, ದಿನಕ್ಕೆ ನೂರಾರು ಚಿತ್ರ ಮುಗಿಸಬೇಕಾದವರಿಗೆ ಅದೇ ಒಳ್ಳೆಯದು. ಕಪ್ಪು-ಬಿಳುಪಿಗೆಂದೇ ಇರುವ ಸಿಲ್ವರ್ ಎಫೆಕ್ಸ್ ಸಾಫ್ಟ್‌ವೇರ್ ಬಗ್ಗೆ ನನಗೆ ಗೌರವ ಇದೆ. ಗೂಗಲ್ 2016ರಲ್ಲಿ ಅದನ್ನು ಪುಕ್ಕಟೆ ಕೊಟ್ಟಿತ್ತು, 2017ರಲ್ಲಿ ಡಿಎಕ್ಸ್‌ಓ ಕೊಂಡುಕೊಂಡಿತು. ಒಂದು ಜಾಗದಲ್ಲಿ ಚುಕ್ಕಿ ಇಟ್ಟು ಆ ಸುತ್ತಲಿನ ಟೋನನ್ನು ಮಾತ್ರ ಬದಲಿಸುವ ಅದರ ಕಂಟ್ರೋಲ್ ಪಾಯಿಂಟಿಗೆ ಸಾಟಿಯಾದದ್ದು ಡಾರ್ಕ್‌ಟೇಬಲ್‌ನಲ್ಲಿ ಇಲ್ಲ, ಅದೇ ಕೆಲಸಕ್ಕೆ ಇಲ್ಲಿ ಕೂತು ಮಾಸ್ಕ್ ಬರೆಯಬೇಕು. ಬಣ್ಣದ ಫಿಲ್ಟರೇ ಇಲ್ಲದ ಕ್ಯಾಮೆರಾಗಳೂ ಇವೆ, 2012ರ ಲೈಕಾ ಎಂ ಮಾನೋಕ್ರೋಮ್, 2023ರ ಪೆಂಟ್ಯಾಕ್ಸ್ ಕೆ-3 ಮಾರ್ಕ್ 3 ಮಾನೋಕ್ರೋಮ್ ಥರದವು. ವಿವರ ಜಾಸ್ತಿ, ನಾಯ್ಸ್ ಕಮ್ಮಿ, ಎರಡರಲ್ಲೂ ಅವು ಮುಂದು. ಆದರೆ ಮೇಲೆ ಹೇಳಿದ ಹೂವು-ಎಲೆಯ ಆಟ ಅವುಗಳ ಫೈಲಿನಲ್ಲಿ ನಡೆಯುವುದಿಲ್ಲ, ಲೆನ್ಸಿನ ಮುಂದೆ ಕೆಂಪು ಇಲ್ಲವೇ ಹಳದಿ ಗಾಜು ಹಾಕಿ ತೆಗೆಯುವಾಗಲೇ ತೀರ್ಮಾನ ಮಾಡಬೇಕು.

ಡಾರ್ಕ್‌ಟೇಬಲ್‌ನ ದೊಡ್ಡ ಕೊರತೆ ಅಂದರೆ ಒಂದೇ ಕೆಲಸಕ್ಕೆ ನಾಲ್ಕು ದಾರಿ. ಮಾನೋಕ್ರೋಮ್ ಅಂತಲೇ ಒಂದು ಹಳೆಯ ಮಾಡ್ಯೂಲ್ ಇದೆ, ಹೊಸಬರು ಹೆಸರು ನೋಡಿ ಮೊದಲು ಅದನ್ನೇ ತೆರೆಯುತ್ತಾರೆ. ಬಣ್ಣದ ಹಾಳೆಯ ಮೇಲೆ ಒಂದು ವೃತ್ತವನ್ನು ಸರಿಸುತ್ತಾ ಫಿಲ್ಟರ್ ಹುಡುಕುವ ಆ ಕ್ರಮ ನೋಡಲು ಚೆಂದ, ಆದರೆ ಯಾವ ಚಾನೆಲ್ ಎಷ್ಟು ಬರುತ್ತಿದೆ ಅಂತ ಗೊತ್ತಾಗುವುದಿಲ್ಲ. ಅದನ್ನು ಬಿಟ್ಟು ಗ್ರೇ ಟ್ಯಾಬಿಗೇ ಹೋಗಿ. ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರಿನಲ್ಲಿ ಡಿನಾಯ್ಸ್ ಹಾಕಿದರೆ ನಿಧಾನವಾಗುತ್ತದೆ, ಸ್ವಲ್ಪ ತಾಳ್ಮೆ ಬೇಕು. ನಿಮಗೆ ಒಪ್ಪಿದ ಜೋಡಣೆ ಸಿಕ್ಕ ಮೇಲೆ ಅದನ್ನು ಸ್ಟೈಲ್ ಆಗಿ ಉಳಿಸಿಕೊಂಡರೆ ಮುಂದಿನ ಚಿತ್ರಕ್ಕೆ ಒಂದೇ ಕ್ಲಿಕ್ಕಿನಲ್ಲಿ ಬರುತ್ತದೆ.

ಫೈಲ್ ಹೊರತೆಗೆಯುವಾಗ ಪ್ರಿಂಟಿಗಾದರೆ 16 ಬಿಟ್ ಟಿಫ್ ಕೊಡಿ. ಪರದೆಗಾದರೆ 8 ಬಿಟ್ ಜೆಪೆಗ್, ಅಂದರೆ ಬೂದಿಗೆ 256 ಹಂತ ಮಾತ್ರ. ಬಣ್ಣದ ಚಿತ್ರದಲ್ಲಿ ಮೂರು ಚಾನೆಲ್‌ಗಳು ಬೇರೆ ಬೇರೆ ಜಾಗದಲ್ಲಿ ಹಂತ ಬದಲಿಸುವುದರಿಂದ ಕಾಣದ ಪಟ್ಟೆ ಇಲ್ಲಿ ಕಾಣುತ್ತದೆ, ಕೆಂಪಿನ ತೂಕ ಏರಿಸಿ ಕಪ್ಪಾಗಿಸಿದ ಬಯಲು ಆಕಾಶದಲ್ಲಿ ವಿಶೇಷವಾಗಿ. ಡಿದರ್ ಆರ್ ಪೋಸ್ಟರೈಸ್ ಅನ್ನುವ ಮಾಡ್ಯೂಲಿನಲ್ಲಿ ಡಿದರ್ ಆಯ್ಕೆ ಮಾಡಿ, ಅಥವಾ ಗ್ರೇನ್ ಮಾಡ್ಯೂಲಿನಲ್ಲಿ ಸಣ್ಣ ಕಾಳು ಚೂರು ಸೇರಿಸಿ. ಎರಡರಲ್ಲಿ ಯಾವುದಾದರೂ ಪಟ್ಟೆ ಒಡೆಯುತ್ತದೆ, ನನಗೆ ಗ್ರೇನ್ ಇಷ್ಟ.